ಕಸೊಂಡೆ ಕಾಲುವೆ ಮುಚ್ಚಿದಳು

ಜಾಂಬಿಯಾದ ತಾಮ್ರದ ಗಣಿಸೀಮೆಯಲ್ಲಿ, ನಮ್ಮೂರ ಹೊಳೆಯ ಮೀನು ಒಣಗಿಸಿ ಮಾರುತ್ತಿದ್ದವಳು ಕಸೊಂಡೆ. ತಾಮ್ರದ ಕಾರ್ಖಾನೆಯವರು ಕಾಲುವೆ ತೋಡಿ ಆಸಿಡ್ ನೀರನ್ನು ಹೊಳೆಗೆ ಬಿಟ್ಟ ದಿನ ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲಿದವು. ಬಲೆ ಎಳೆಯಲು ಸೊಂಟದವರೆಗೆ ನೀರಿಗೆ ಇಳಿದಿದ್ದ ಅವಳ ತಮ್ಮ ಮ್ವಾಪೆ ಚರ್ಮ ಸುಲಿದು, ಚೀರಾಡುತ್ತಲೇ ಸತ್ತ.

ಅವನನ್ನು ಮಣ್ಣು ಮಾಡಿ ಬಂದವಳೇ ಗುದ್ದಲಿ ಹಿಡಿದು ಕಾರ್ಖಾನೆಯ ಕಾಲುವೆಗೆ ನಡೆದಳು. ಹಿಂದೆ ನಾವು ಹೆಂಗಸರೆಲ್ಲ. ಕಲ್ಲು ಮಣ್ಣು ತುಂಬಿ ಅದರ ಬಾಯಿ ಕಟ್ಟತೊಡಗಿದೆವು. ಕಾವಲುಗಾರರು ದೊಣ್ಣೆ ಎತ್ತಿಕೊಂಡು ಓಡಿಬಂದರು. ಮುಂದಿದ್ದವನು ಅವಳ ಪಕ್ಕದ ಮನೆಯ ಬ್ವಾಲ್ಯ.

"ಅಕ್ಕಾ, ಹೋಗಿಬಿಡು. ಇಲ್ದಿದ್ರೆ ಹೊಡೀಬೇಕಾಗುತ್ತೆ."

"ಹೊಡಿಯೋ! ನಮ್ಮನೆ ನ್ಶಿಮಾ ಮುದ್ದೆ ತಿಂದು ಬೆಳೆದ ಕೈ, ಏಟು ಜೋರಾಗೇ ಬೀಳುತ್ತೆ!"

ಅವನು ಹೊಡೆದ. ಅವಳ ಬಲಗೈ ಮೂಳೆ ಲಟಕ್ಕೆಂದಿತು. ಅವಳು ಎಡಗೈಯಲ್ಲೇ ಗುದ್ದಲಿ ಬೀಸಿ ಅವನ ಮೊಣಕಾಲು ಮುರಿದಳು. ನಮ್ಮ ತಲೆಗಳೂ ಒಡೆದವು, ಆದರೆ ಕಟ್ಟೆ ನಿಂತಿತು. ಆಸಿಡ್ ಹಿಂದಕ್ಕೆ ಉಕ್ಕಿ ಕಾರ್ಖಾನೆಯ ಅಂಗಳಕ್ಕೇ ನುಗ್ಗಿತು. ಯಂತ್ರಗಳು ನಿಂತವು.

ತಿಂಗಳೊಳಗೆ ಅವರು ಕಾಲುವೆಯನ್ನು ಕೆಳಗಿನ ಊರಿನ ಕಡೆ ತಿರುಗಿಸಿದರು. ಸದ್ಯ ಬದುಕಿದೆವು ಎಂದು ನಾವು ಉಸಿರುಬಿಟ್ಟೆವು. ಕಸೊಂಡೆ ಮಾತ್ರ ಮೂಳೆ ಕೂಡುವ ಮೊದಲೇ ಗುದ್ದಲಿ ಹಿಡಿದು ಆ ಊರಿಗೆ ಹೊರಟು ನಿಂತಳು.

"ಅದು ಅವರ ಪಾಡು ಕಣೇ," ಎಂದೆ.

"ಅಲ್ಲಿ ಬರೀ ಮರಳು, ಕಲ್ಲೇ ಸಿಗಲ್ಲ. ಬುಟ್ಟಿ ತುಂಬ್ಕೊಂಡು ಬಾ," ಎಂದಳು.