ಬಾನೆಟ್ಟಿನ ರೆಕ್ಸಿನ್ ಕವರ್

ಊರೂರು ಸುತ್ತುವ ಕೆಲಸ ನನ್ನದು. ದಾರಿಯ ಜಲ್ಲಿ ಸಿಡಿದು ಹೊಸ ಕೆಂಪು ಕಾರಿನ ಬಣ್ಣ ಕೆಡದಿರಲೆಂದು ಜಯನಗರದ ಅಂಗಡಿಯೊಂದರಲ್ಲಿ ಬಾನೆಟ್ಟಿನ ಮುಂಭಾಗಕ್ಕೆ ರೆಕ್ಸಿನ್ ಕವರ್ ಹಾಕಿಸಿದ್ದೆ. ಮಳೆಗಾಲ ಕಳೆದು, ಆಯುಧಪೂಜೆಯ ಹಿಂದಿನ ದಿನ ಕಾರು ತೊಳೆಯಲು ಅದನ್ನು ಬಿಚ್ಚಿದರೆ ಅಡಿಯಲ್ಲೆಲ್ಲ ಬಿಳಿಚಿದ ಕಲೆ, ಗೀರು. ಕವರ್ ಕಾಣದ ಬಾಗಿಲುಗಳು ಮಾತ್ರ ಫಳಫಳ! ಮೈಯೆಲ್ಲ ಉರಿದುಹೋಯಿತು. ಕವರ್ ಹಿಡಿದು ನೇರ ಅಂಗಡಿಗೆ ಹೋದೆ.

"ಮಳೇಲಿ ಬಿಚ್ಚಲಿಲ್ವಾ ಮೇಡಂ? ನೀರು ಒಳಗೇ ನಿಂತ್ಬಿಡುತ್ತೆ," ಎಂದ ಅಂಗಡಿಯವ.

"ಬಿಸಿಲಲ್ಲಿ?"

"ಧೂಳು ಸೇರ್ಕೊಂಡು ಉಜ್ಜುತ್ತೆ. ಆಗ್ಲೂ ಬಿಚ್ಚಿ ಒರೆಸ್ತಿರ್ಬೇಕು."

"ಮತ್ತೆ ಹಾಕೋದ್ಯಾವಾಗ್ರೀ? ಮನೇಲಿ ನಿಲ್ಸಿದಾಗ್ಲಾ?" ಕಿರುಚಿಯೇಬಿಟ್ಟೆ.

ಅವನ ಕಾರು ಅಂಗಡಿಯೆದುರೇ ನಿಂತಿತ್ತು, ಯಾವ ಕವರೂ ಇಲ್ಲದೆ.

"ನಿಮ್ಮ ಗಾಡಿಗ್ಯಾಕೆ ಹಾಕಿಲ್ಲ?"

"ಹೊಸ ಗಾಡಿ ಮೇಡಂ, ಬಣ್ಣ ಹಾಳಾಗುತ್ತಲ್ಲ," ಎಂದವನು ನಾಲಿಗೆ ಕಚ್ಚಿಕೊಂಡ.

ಕವರನ್ನು ಅವನ ಕೌಂಟರಿನ ಮೇಲೆ ಎಸೆದು ಬಂದೆ. ಮರುದಿನ ಪೂಜೆಯಲ್ಲಿ ಕಲೆಯೆಲ್ಲ ಮುಚ್ಚುವಷ್ಟು ಕುಂಕುಮ ಬಳಿದೆ.

"ಸದ್ಯ, ಈ ವರ್ಷವಾದ್ರೂ ನಿಮಗೆ ಭಕ್ತಿ ಬಂತಲ್ಲ," ಎಂದರು ಎದುರುಮನೆಯ ಆಂಟಿ.