ಕೇಳದೆ ಮುಟ್ಟದವಳು

ಆಸ್ಪತ್ರೆಯಲ್ಲಿ ಆಯಾ ಆಗಿದ್ದ ಅವಳು ಪ್ರಜ್ಞೆ ತಪ್ಪಿದವರನ್ನೂ ಕೇಳಿಯೇ ಮುಟ್ಟುತ್ತಿದ್ದಳು: "ಅಮ್ಮಾ, ಮಗ್ಗುಲು ತಿರುಗಿಸ್ಲಾ?" ನರ್ಸುಗಳು ನಕ್ಕರೆ, "ಅದು ಅವರ ಮೈ ಕಣ್ರೀ, ನನ್ನ ಸಾಮಾನಲ್ಲ," ಎಂದು ಸಿಡುಕುತ್ತಿದ್ದಳು.

ಅತ್ತೆ ಹಾಸಿಗೆ ಹಿಡಿದಾಗ, ಗಂಡ ಮತ್ತು ಮೈದುನ ಎಂಬ ಮಹಾನುಭಾವರು ತಮ್ಮತಮ್ಮಲ್ಲೇ ಮಾತಾಡಿಕೊಂಡು ಅವಳ ಕೆಲಸ ಬಿಡಿಸಿದರು. ಅಂದಿನಿಂದ ಅವಳಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಮಡಿಸಿಟ್ಟ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸುವಳು.

ಅಭ್ಯಾಸ ಮಾತ್ರ ಬಿಡಲಿಲ್ಲ. "ಅತ್ತೆ, ಮೈ ಒರೆಸ್ಲಾ?"

ಅತ್ತೆ ಅವಳ ಕೈ ಹಿಡಿದುಕೊಂಡರು. "ಈ ಮನೆಗೆ ಬಂದ್ಮೇಲೆ ನನ್ನನ್ನ ಯಾರೂ ಏನೂ ಕೇಳಿದ್ದೇ ಇಲ್ಲ ಕಣೇ. ಕೆಲಸ ಬಿಡಿಸಿದ್ರಲ್ಲ, ನಿನ್ನನ್ನ ಕೇಳಿದ್ರಾ?"

ಅವಳು ಅತ್ತೆಯ ಮೈ ಒರೆಸಿ ಮುಗಿಸಿ, ಒದ್ದೆ ಬಟ್ಟೆ ಹಿಡಿದೇ ಹಜಾರಕ್ಕೆ ನಡೆದು, ಅಣ್ಣತಮ್ಮಂದಿರು ನೋಡುತ್ತಿದ್ದ ಟೀವಿ ಆರಿಸಿದಳು.

"ಈಗ ಕೇಳಿ ನನ್ನನ್ನ," ಎಂದಳು.