ಜೊತೆಗೆ ಬರುವುದಕ್ಕೆ ಅವರ ಮಾತು

ನನ್ನ ತಂಗಿಗೆ ಹಂಗೇರಿಯಲ್ಲೊಬ್ಬ ಪತ್ರದ ಗೆಳತಿಯಿದ್ದಳು. ಇಬ್ಬರೂ ಇಂಗ್ಲಿಷಿನಲ್ಲಿ ಬರೆದುಕೊಳ್ಳುತ್ತಿದ್ದರು. ಗುಬ್ಬಿ ಊರಿನ ನಮ್ಮ ಮನೆಯಲ್ಲಿ ಎಮ್ಮೆ ಕರು ಹಾಕಿದ್ದೂ ಆ ದೇಶಕ್ಕೆ ತಿಳಿಯುತ್ತಿತ್ತು.

ತೊಂಬತ್ತರ ದಶಕದ ಕೊನೆಯಲ್ಲಿ, ಹತ್ತೊಂಬತ್ತು ತುಂಬಿದ್ದ ತಂಗಿ ಮೆದುಳು ಜ್ವರ ಬಂದು ನಾಲ್ಕೇ ದಿನಕ್ಕೆ ತೀರಿಕೊಂಡಳು. ತಿಥಿ ಮುಗಿದ ವಾರಕ್ಕೆ ಹಂಗೇರಿಯಿಂದ ಮತ್ತೊಂದು ಪತ್ರ ಬಂತು. ಅವ್ವ ಲಕೋಟೆಯನ್ನು ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟಳು.

"ಅವ್ಳಿಗ್ ಬಂದೈತೆ ಕಣೇ. ಉತ್ರ ಬರಿ. ಆ ಮಗು ಕಾಯ್ತಿರ್ತದೆ."

ಸಾವಿನ ಸುದ್ದಿ ಬರೆಯಲೆಂದೇ ಕೂತೆ. ಆಗಲಿಲ್ಲ. ತಂಗಿಯ ದುಂಡನೆಯ ಅಕ್ಷರದಲ್ಲೇ ಕರುವಿನ ಸುದ್ದಿ ಬರೆದು, ಅವಳ ಹೆಸರು ಹಾಕಿದೆ. ಒಂದೂವರೆ ವರ್ಷ ಹೀಗೇ ಬರೆದೆ.

ಅಷ್ಟರಲ್ಲಿ ತುಮಕೂರಿನಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿ ಅಲ್ಲೇ ಉಪ್ಪಾರಹಳ್ಳಿಯಲ್ಲಿ ರೂಮು ಮಾಡಿದ್ದೆ. ಸಂಜೆ ನಡೆದು ಬರುವಾಗ ಬೆನ್ನ ಹಿಂದೆ ತಂಗಿಯ ಚಪ್ಪಲಿಯ ಸದ್ದು ಕೇಳುತ್ತಿತ್ತು. ತಿರುಗಿದರೆ ಯಾರೂ ಇರುತ್ತಿರಲಿಲ್ಲ. ಒಂದು ಬೆಳಿಗ್ಗೆ ಹೆಡ್ ಕ್ಲರ್ಕ್ ಹಾಜರಿ ಪುಸ್ತಕ ಹಿಡಿದು ಬಂದು, "ಇದ್ಯಾರಮ್ಮಾ ಸೈನ್ ಮಾಡಿರೋದು?" ಎಂದರು. ನನ್ನ ಹೆಸರಿನ ಮುಂದೆ ತಂಗಿಯ ಸಹಿಯಿತ್ತು. ಹಾಕಿದ್ದು ನಾನೇ. ನೆನಪೇ ಇರಲಿಲ್ಲ.

ಹೆದರಿ ಅವತ್ತೇ ಹಂಗೇರಿಯ ಗೆಳತಿಗೆ ಎಲ್ಲ ಬರೆದೆ, ಚಪ್ಪಲಿ ಸದ್ದನ್ನೂ ಬಿಡದೆ. ಮೂರು ತಿಂಗಳು ಸುದ್ದಿಯಿಲ್ಲ. ಆಮೇಲೆ ಬಂದ ಪತ್ರದಲ್ಲಿ, ಓದಿ ತುಂಬಾ ಅತ್ತುಬಿಟ್ಟೆ ಎಂದಿದ್ದಳು. ಕೆಳಗೆ ಹೀಗಿತ್ತು: "ನಮ್ಮಲ್ಲಿ ದೆವ್ವಕ್ಕೆ 'ಕೀಶೇರ್ತೆತ್' ಅನ್ನುತ್ತಾರೆ. ಅದರ ಬೇರು 'ಕೀಶೇರ್'. ಅಂದರೆ ಜೊತೆಗೆ ಹೋಗುವುದು, ಕಳಿಸಿಕೊಡಲು ಬರುವುದು. ಅದರಿಂದ ಹುಟ್ಟಿದ 'ಕೀಶೇರ್ತ್' ಅನ್ನುವುದಕ್ಕೆ ಕಾಡುವುದು, ಆಸೆ ಹುಟ್ಟಿಸುವುದು ಎರಡೂ ಅರ್ಥ. ನಿನಗೆ ಎರಡೂ ಆಗಿದೆ: ಅವಳ ಸದ್ದು ಕಾಡಿದೆ, ಅವಳಾಗಿ ಬರೆಯುವ ಆಸೆಯೂ ಹುಟ್ಟಿದೆ. ಇನ್ನು ಮೇಲೆ ನಿನ್ನ ಹೆಸರಿನಲ್ಲೇ ಬರಿ."

ಭಾನುವಾರ ಗುಬ್ಬಿಗೆ ಹೋಗಿ ಅವ್ವನಿಗೆ ಚಪ್ಪಲಿ ಸದ್ದಿನವರೆಗೂ ಎಲ್ಲವನ್ನೂ ಒಪ್ಪಿಕೊಂಡು, ಪತ್ರ ಓದಿ ಹೇಳಿದೆ. ಅವಳು ಬೈಯಲಿಲ್ಲ.

"ದೆವ್ವ ಅಂದ್ರೆ ಜೊತೇಲ್ ಬರೋದು ಅಂತಾನಾ?"

"ಅವ್ರ್ ಭಾಷೇಲಿ ಹಂಗಂತೆ ಕಣವ್ವ."

ಅವ್ವ ಪತ್ರವನ್ನು ನನ್ನ ಕೈಯಿಂದ ತೆಗೆದುಕೊಂಡಳು. "ನಿನ್ ಜೊತೇಲ್ ಬಂದವ್ಳೆ. ನನ್ ಜೊತೇಲ್ ಒಂದಿನಾನೂ ಬರ್ಲಿಲ್ವಲ್ಲೇ," ಎಂದು ಅಳತೊಡಗಿದಳು.

ನನ್ನ ಹೆಸರಿನಲ್ಲಿ ಬರೆಯತೊಡಗಿದ ಮೇಲೆ ಆ ಸದ್ದು ನಿಂತಿತು. ಅವ್ವ ಮಾತ್ರ ಆಮೇಲೆ ಶನಿವಾರ ಶನಿವಾರ ತುಮಕೂರಿಗೆ ಬರುತ್ತಿದ್ದಳು. ಆಟೋ ಹಿಡಿಯೋಣ ಅಂದರೆ, "ಬ್ಯಾಡ ಬುಡು, ನೀ ಮುಂದ್ ನಡಿ," ಅನ್ನುವಳು. ಬಸ್‌ಸ್ಟ್ಯಾಂಡಿನಿಂದ ರೂಮಿನವರೆಗೂ ಒಂದು ಮಾತೂ ಆಡದೆ, ಕಿವಿಗೊಟ್ಟು ನಡೆಯುವಳು. ಸದ್ದು ನಿಂತಿದೆಯೆಂದು ಅವಳಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.